ಪಂಚರ್ ಅಂಗಡಿ ಇಲ್ಲದ ದಾರಿ

"ಮಳೆಗಾಲದ ರಾತ್ರಿ ಶಿರಾಡಿ ಘಾಟಿಯಲ್ಲಿ ಲಾರಿಗಳ ಮಧ್ಯೆ ಕಾರು ಓಡಿಸಿದವನು ನಾನು. ಖಾಲಿ ರಸ್ತೆಗೆ ಹೆದರುವುದುಂಟೆ?"

ನಮ್ಮ ಯಜಮಾನರ ಮಾತಿದು. ಕಳೆದ ದಸರಾ ರಜೆಯಲ್ಲಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಅಮೆರಿಕದ ಲಾಸ್ ವೇಗಸ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ಅಲ್ಲಿಂದ ಡೆತ್ ವ್ಯಾಲಿಗೆ ಸುಮಾರು 120 ಮೈಲಿ, ಅಂದರೆ 190 ಕಿ.ಮೀ. ಎರಡು ಗಂಟೆಯ ಹಾದಿ. ಹೆಸರೇ 'ಸಾವಿನ ಕಣಿವೆ'. ತಂಗಿಯ ಗಂಡನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ರಜೆ ಸಿಗುವಂತಿರಲಿಲ್ಲ. ಪ್ರವಾಸಿ ಬಸ್ಸಿನಲ್ಲಿ ಹೋಗುವುದೋ, ಬಾಡಿಗೆ ಕಾರು ತೆಗೆದುಕೊಂಡು ನಾವೇ ಹೊರಡುವುದೋ? ಎರಡು ರಾತ್ರಿ ಊಟದ ಮೇಜಿನ ಮೇಲೆ ಇದೇ ಚರ್ಚೆ.

ಕಾನೂನಿನ ತೊಡಕೇನೂ ಇರಲಿಲ್ಲ. ಡೆತ್ ವ್ಯಾಲಿಯ ಬಹುಭಾಗ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಹದಿನೆಂಟು ತುಂಬಿದ ಪ್ರವಾಸಿಗರು ಅಲ್ಲಿ ತಮ್ಮ ದೇಶದ ಲೈಸೆನ್ಸ್‌ನಲ್ಲೇ ಕಾರು ಓಡಿಸಬಹುದು. ಆದರೂ ಹೊರಡುವ ಮುಂಚೆಯೇ ಮೈಸೂರಿನ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಟ್ಟುಕೊಂಡಿದ್ದೆವು. ಬಾಡಿಗೆ ಕಾರಿನವರು ಕೇಳಿದರೆ ಕೈಯಲ್ಲಿರಲಿ ಎಂದು. ಸ್ಟೀರಿಂಗ್ ಎಡಕ್ಕೆ, ರಸ್ತೆ ಬಲಕ್ಕೆ. ತಂಗಿಯ ಬಡಾವಣೆಯಲ್ಲೇ ಅರ್ಧ ದಿನ ಅಭ್ಯಾಸ ಮಾಡಿದ್ದಾಯಿತು. ಕಷ್ಟವಾದದ್ದು ಒಂದೇ: ಇಂಡಿಕೇಟರ್ ಕಡ್ಡಿ ಇರಬೇಕಾದ ಕಡೆ ವೈಪರ್ ಕಡ್ಡಿ. ತಿರುಗಲು ಹೋದಾಗಲೆಲ್ಲ ಒಣ ಗಾಜಿನ ಮೇಲೆ ವೈಪರ್ ಕಿರ್ರೆನ್ನುತ್ತಿತ್ತು, ವರ್ಷಕ್ಕೆ ಎರಡಂಗುಲ ಮಳೆ ಬೀಳುವ ಕಣಿವೆಗೆ ಹೊರಟವರ ಕಾರಿನಲ್ಲಿ!

"ಭಾವ, ಓಡಿಸೋದು ಕಷ್ಟ ಅಲ್ಲ. ಕಾರು ನಿಂತುಹೋದರೆ ಏನು ಮಾಡ್ತೀರಿ?" ಎಂದಳು ತಂಗಿ.

"ಏನು ಮಾಡೋದು, ಯಾರಾದರೂ ಬರ್ತಾರೆ."

ಆಗ ಅವಳು 1996ರ ಜುಲೈನಲ್ಲಿ ನಡೆದದ್ದನ್ನು ಹೇಳಿದಳು. ಮಕ್ಕಳನ್ನು ಒಳಗೆ ಕಳಿಸೋಣ ಎಂದುಕೊಂಡೆ. ಹನ್ನೆರಡರ ಮಗಳು ಕದಲಲಿಲ್ಲ.

ಜರ್ಮನಿಯಿಂದ ರಜೆಗೆ ಬಂದ ಒಂದು ಸಂಸಾರ. ಇಬ್ಬರು ದೊಡ್ಡವರು, ಇಬ್ಬರು ಚಿಕ್ಕ ಹುಡುಗರು. ಬಾಡಿಗೆ ವ್ಯಾನಿನಲ್ಲಿ ಡೆತ್ ವ್ಯಾಲಿಗೆ ಹೋದರು. ಬೆಟ್ಟದ ನಡುವಿನ ಒಂದು ಹಳೆಯ ಗಣಿ ಶಿಬಿರದಲ್ಲಿ ಸಂದರ್ಶಕರ ಪುಸ್ತಕವಿತ್ತು. ಮುಂದಿನ ಕಣಿವೆದಾರಿ ದಾಟಿ ಹೋಗುತ್ತೇವೆ ಎಂದು ಅದರಲ್ಲಿ ಬರೆದರು. ಆಮೇಲೆ ಅವರನ್ನು ಯಾರೂ ಕಾಣಲಿಲ್ಲ. ಅಕ್ಟೋಬರಿನಲ್ಲಿ ವ್ಯಾನು ಸಿಕ್ಕಿತು, ರಸ್ತೆಯೇ ಇಲ್ಲದ ಒಣಹಳ್ಳದಲ್ಲಿ, ಗಾಳಿ ಹೋದ ಟೈರುಗಳೊಂದಿಗೆ. ದೊಡ್ಡವರಿಬ್ಬರ ಮೂಳೆಗಳು ಸಿಕ್ಕಿದ್ದು 2009ರಲ್ಲಿ, ಅಲ್ಲಿಂದ ಹಲವು ಮೈಲಿ ದಕ್ಷಿಣಕ್ಕೆ. ಅದನ್ನು ಹುಡುಕಿದವರು ಪೊಲೀಸರಲ್ಲ, ಈ ವಿಷಯದ ಬೆನ್ನುಬಿದ್ದಿದ್ದ ಇಬ್ಬರು ಚಾರಣಿಗರು.

ಅವರು ದಕ್ಷಿಣಕ್ಕೇ ಏಕೆ ನಡೆದರು? ಆ ಚಾರಣಿಗರಲ್ಲೊಬ್ಬ ಮಾಡಿದ ಊಹೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ನಕ್ಷೆಯಲ್ಲಿ ಆ ದಿಕ್ಕಿಗೆ ಒಂದು ಸೇನಾ ನೆಲೆ ಇದೆ. ಯೂರೋಪಿನಲ್ಲಿ ಸೇನಾ ನೆಲೆಯೆಂದರೆ ಬೇಲಿ, ಕಾವಲು, ಗಸ್ತು. ಬೇಲಿ ಮುಟ್ಟಿದರೆ ಸಾಕು, ಯಾರಾದರೂ ಹಿಡಿಯುತ್ತಾರೆ ಎಂದುಕೊಂಡಿರಬೇಕು. ಆದರೆ ಆ ಮರುಭೂಮಿಯ ಗಡಿಯಲ್ಲಿ ಬೇಲಿಯೂ ಇಲ್ಲ, ಕಾವಲುಗಾರನೂ ಇಲ್ಲ. ತಮ್ಮ ದೇಶದ ಲೆಕ್ಕವನ್ನೇ ಜೊತೆಗೆ ಹೊತ್ತು ತಂದಿದ್ದರು, ಪಾಪ.

ನಮ್ಮ ಲೆಕ್ಕವೂ ಅದೇ ಅಲ್ಲವೇ? ನಮ್ಮಲ್ಲಿ ಕಾರು ಕೆಟ್ಟರೆ ಹತ್ತು ನಿಮಿಷದೊಳಗೆ ಬೈಕಿನವನೊಬ್ಬ ನಿಂತು "ಏನಾಯ್ತು ಸರ್?" ಎನ್ನುತ್ತಾನೆ. ಅರ್ಧ ಕಿಲೋಮೀಟರಿಗೊಂದು ಟೀ ಅಂಗಡಿ, ಅದರ ಪಕ್ಕ ಹಳೇ ಟೈರು ನೇತುಹಾಕಿದ ಪಂಚರ್ ಅಂಗಡಿ. ಯಜಮಾನರ ಧೈರ್ಯವೆಲ್ಲ ನಿಂತಿದ್ದದ್ದು ಅವುಗಳ ಮೇಲೆ. ಈ ಉದ್ಯಾನದ ವಿಸ್ತೀರ್ಣ ನಮ್ಮ ಕೊಡಗು ಜಿಲ್ಲೆಯ ಮೂರು ಪಟ್ಟಿಗೂ ಹೆಚ್ಚು. ಬಹುಪಾಲು ಜಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹಳೆಯ ಗಣಿದಾರಿಗಳು ಫೋನಿನ ನಕ್ಷೆಯಲ್ಲಿ ಒಳ್ಳೆಯ ರಸ್ತೆಗಳಂತೆಯೇ ಕಾಣುತ್ತವೆ.

ಇನ್ನು ಬಿಸಿಲು. 1913ರ ಜುಲೈ 10ರಂದು ಇಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ದಾಖಲಾಯಿತು. ಜಗತ್ತಿನ ದಾಖಲೆ ಅದು. (ಫರ್ನೇಸ್ ಎಂದರೆ ಕುಲುಮೆ, ಕ್ರೀಕ್ ಎಂದರೆ ಹಳ್ಳ. ಹೆಸರಿಟ್ಟವರಿಗೆ ಗೊತ್ತಿತ್ತು!) ಜುಲೈಯಲ್ಲಿ ದಿನದ ಗರಿಷ್ಠ ತಾಪದ ಸರಾಸರಿಯೇ 47 ಡಿಗ್ರಿ. 2024ರ ಜುಲೈನಲ್ಲಿ ಬೆಲ್ಜಿಯಂನ ಪ್ರವಾಸಿಯೊಬ್ಬರ ಚಪ್ಪಲಿ ಮರಳುದಿಬ್ಬದ ಮೇಲೆ ಹೋಗಿ, ಅಂಗಾಲು ಸುಟ್ಟು ಬೊಬ್ಬೆಯೆದ್ದವು. ಕಾದ ಗಾಳಿಯಲ್ಲಿ ಹೆಲಿಕಾಪ್ಟರ್ ಅಲ್ಲಿಗೆ ಇಳಿಯಲಾಗದೆ, ಅವರನ್ನು ಗಾಡಿಯಲ್ಲಿ ಎತ್ತರದ ಜಾಗಕ್ಕೆ ಸಾಗಿಸಬೇಕಾಯಿತು. ನಾವು ಹೋದದ್ದು ಅಕ್ಟೋಬರಿನಲ್ಲಿ. ಆಗ ಸರಾಸರಿ 34 ಡಿಗ್ರಿ, ಮೈಸೂರಿನ ಏಪ್ರಿಲ್ ಇದ್ದ ಹಾಗೆ. ಜುಲೈ ಆಗಿದ್ದರೆ ಚರ್ಚೆಯೇ ಬೇಡ ಎನ್ನುತ್ತಿದ್ದೆ.

ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಬಿಸಿಲಲ್ಲ. ಡೆತ್ ವ್ಯಾಲಿಯಲ್ಲಿ ಹೆಚ್ಚು ಜನ ಸಾಯುವುದು ಒಂಟಿ ಕಾರಿನ ಅಪಘಾತಗಳಲ್ಲಿ ಎಂದು ಉದ್ಯಾನದವರೇ ಎಚ್ಚರಿಸುತ್ತಾರೆ. ಎದುರಿಗೆ ಇನ್ನೊಂದು ವಾಹನವೇ ಇಲ್ಲದೆ! ನೇರ ರಸ್ತೆಯಲ್ಲಿ ವೇಗ ಗೊತ್ತಾಗುವುದಿಲ್ಲ, ಆಮೇಲೆ ತಿರುವು ಬರುತ್ತದೆ. ಶಿರಾಡಿಯಲ್ಲಿ ಲಾರಿಗಳೇ ನಮ್ಮನ್ನು ಎಚ್ಚರವಾಗಿಟ್ಟಿರುತ್ತವೆ.

ಕೊನೆಗೆ ಕಾರೇ ಎಂದಾಯಿತು, ತಂಗಿಯ ಷರತ್ತುಗಳ ಮೇಲೆ. ಡಾಂಬರು ಬಿಟ್ಟು ಇಳಿಯುವಂತಿಲ್ಲ. ಬಾಡಿಗೆ ಕರಾರಿನಲ್ಲೂ ಅದೇ ಇತ್ತು, ಸಣ್ಣ ಅಕ್ಷರದಲ್ಲಿ. ತಲೆಗೆ ನಾಲ್ಕು ಲೀಟರಿನಂತೆ 16 ಲೀಟರ್ ನೀರು, ಅದರ ಉಸ್ತುವಾರಿ ಮಗಳದು. ಪಹ್ರಂಪ್ ಊರಿನಲ್ಲಿ ಪೆಟ್ರೋಲ್ ತುಂಬಿಸಬೇಕು. ಕಾರು ಕೆಟ್ಟರೆ ಬಿಟ್ಟು ನಡೆಯಕೂಡದು. ನಡೆಯುವ ಮನುಷ್ಯನಿಗಿಂತ ನಿಂತ ಕಾರು ಬೇಗ ಕಣ್ಣಿಗೆ ಬೀಳುತ್ತದೆ. ಸಂಜೆ ಏಳರೊಳಗೆ ಫೋನ್ ಬರದಿದ್ದರೆ ಅವಳು 911ಕ್ಕೆ ಕರೆ ಮಾಡುತ್ತಾಳೆ.

ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲಲ್ಲಿ ಮಕ್ಕಳು ಮನಸಾರೆ ಓಡಾಡಿದರು. ಬಂಡೆಯ ಮೇಲೆ ತೀರಾ ಎತ್ತರದಲ್ಲಿ 'ಸಮುದ್ರಮಟ್ಟ ಇಲ್ಲಿ' ಎಂಬ ಫಲಕ. "ನಾವು ಈಗ ನೀರೊಳಗೆ ಇದ್ದೀವಾ?" ಎಂದು ಮಗ ಮೂಗು ಹಿಡಿದುಕೊಂಡ.

ಮರಳುವಾಗ ಎಡಕ್ಕೊಂದು ಮಣ್ಣುರಸ್ತೆ ಕಂಡಿತು. 1880ರ ದಶಕದ ಬೋರಾಕ್ಸ್, ಅಂದರೆ ಬಿಳಿಗಾರದ ಕಾರ್ಖಾನೆಯ ಅವಶೇಷ ಆ ಕಡೆ ಇದೆಯೆಂದು ನಕ್ಷೆ ಹೇಳುತ್ತಿತ್ತು. ಯಜಮಾನರು ವೇಗ ತಗ್ಗಿಸಿದರು. "ರಸ್ತೆ ಚೆನ್ನಾಗೇ ಇದೆ ಕಣೇ. ಹತ್ತೇ ನಿಮಿಷ..."

ನಾನು ಉತ್ತರ ಕೊಡಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ಬಾಟಲಿ ಎಣಿಸತೊಡಗಿದಳು. ಅವರು ಎಡಕ್ಕೆ ತಿರುಗಲು ಕಡ್ಡಿ ಒತ್ತಿದರು. ವೈಪರ್ ಕಿರ್ರೆಂದು ಎದ್ದಿತು. ಮಗ ಬಿದ್ದುಬಿದ್ದು ನಕ್ಕ. ಯಜಮಾನರೂ ನಕ್ಕು, ವೈಪರ್ ನಿಲ್ಲಿಸಿ, ಡಾಂಬರಿನ ಮೇಲೇ ನೇರ ಹೊರಟರು.

ತಂಗಿಗೆ ಫೋನ್ ಮಾಡಿದಾಗ ಏಳಕ್ಕೆ ಹತ್ತು ನಿಮಿಷವಿತ್ತು.