ಟೊಪ್ಪಿಗೆ ಅಂಗಡಿಯವಳ ಹಸಿರು ಮುಖ

ನಮ್ಮ ಬಳಗಾನೂರು ಸೀಮೆಯಲ್ಲಿ ಹಬ್ಬದ ದಿನ ಕೆನ್ನೆ ತುಂಬ ಅರಿಷಿಣ ಹಚ್ಚಿಕೊಂಡು, ಹಸಿರು ಇಳಕಲ್ ಸೀರೆಯ ಕೆಂಪು ಸೆರಗು ಹೊದ್ದು ಬರುವ ಅವ್ವಂದಿರನ್ನು ಕಂಡು ಯಾರೂ ನಗುವುದಿಲ್ಲ. ಆ ಮುಖಕ್ಕೆ ಆ ಹಳದಿಯೇ ಚೆಂದ. 1905ರ ಪ್ಯಾರಿಸ್ಸಿನಲ್ಲಿ ಮಾತ್ರ ಹೆಣ್ಣುಮಗಳೊಬ್ಬಳ ಬಣ್ಣದ ಮುಖ ನೋಡಿ ಜನ ಬಿದ್ದು ಬಿದ್ದು ನಕ್ಕರು.

ಹೆನ್ರಿ ಮಾತೀಸ್ ಬರೆದ 'ಟೊಪ್ಪಿಗೆ ತೊಟ್ಟ ಹೆಂಗಸು' ಸುಮಾರು 80 ಸೆಂ.ಮೀ. ಎತ್ತರ, 60 ಸೆಂ.ಮೀ. ಅಗಲದ ತೈಲಚಿತ್ರ. ಹಣೆ, ಮೂಗಿನಗುಂಟ ಹಸಿರು, ಕೂದಲು ಇಟ್ಟಿಗೆಗೆಂಪು, ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತಂಥ ಟೊಪ್ಪಿಗೆ. ಕೂತವಳು ಆತನ ಹೆಂಡತಿ ಅಮೆಲಿ.

ಮಾತೀಸ್ ಬೀಜ-ಕಾಳು ಮಾರುವವರ ಮಗ. 1869ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಹುಟ್ಟಿ, ಬೊಹೆಯಿನ್ ಎಂಬ ನೇಕಾರರ ಊರಲ್ಲಿ ಬೆಳೆದವನು. 1898ರಲ್ಲಿ ಮದುವೆ. ಮರುವರ್ಷವೇ ಅಮೆಲಿ ಪ್ಯಾರಿಸ್ಸಿನಲ್ಲಿ ಟೊಪ್ಪಿಗೆ ಅಂಗಡಿ ತೆರೆದಳು. ಗಂಡನ ಚಿತ್ರಗಳು ಮಾರಾಟವಾಗದ ದಿನಗಳಲ್ಲಿ ಒಲೆ ಉರಿದದ್ದು ಆ ಅಂಗಡಿಯಿಂದ. 1902ರಲ್ಲಿ ಹಂಬರ್ಟ್ ಮನೆತನದ ಭಾರೀ ವಂಚನೆ ಬಯಲಿಗೆ ಬಂತು. ಆ ಮನೆಯವರನ್ನು ನಂಬಿ ದುಡಿಯುತ್ತಿದ್ದ ಅಮೆಲಿಯ ತಂದೆ-ತಾಯಿಗೂ ಮಸಿ ಮೆತ್ತಿಕೊಂಡಿತು. ಅಂಗಡಿಯೂ ಮುಚ್ಚಿತು. ಚಿತ್ರದ ಟೊಪ್ಪಿಗೆಯನ್ನು ಬರೀ ಬೆಡಗು ಎಂದುಕೊಳ್ಳಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ. ಅದು ಆಕೆಯ ಕಸುಬು.

1905ರ ಬೇಸಿಗೆಯಲ್ಲಿ ಮಾತೀಸ್ ಗೆಳೆಯ ಆಂದ್ರೆ ದೆರೇನ್ ಜೊತೆ ಕೊಲಿಯೂರ್ ಎಂಬ ಮೀನುಗಾರರ ಊರಲ್ಲಿದ್ದ. ಅಲ್ಲಿಯ ಬಿಸಿಲು ಅವನ ಕೈ ಬಿಡಿಸಿತು. ಟ್ಯೂಬಿನಿಂದ ಹಿಂಡಿದ ಬಣ್ಣವನ್ನು ಹದಗೊಳಿಸದೆ ಹಾಗೇ ಬಳಿಯತೊಡಗಿದ. ಕಂಡ ಬಣ್ಣಕ್ಕಿಂತ ಒಳಗೆ ಅನಿಸಿದ ಬಣ್ಣ ಮುಖ್ಯವಾಯಿತು. ಪ್ಯಾರಿಸ್ಸಿಗೆ ಮರಳಿ ಅದೇ ಕೈಯಲ್ಲಿ ಹೆಂಡತಿಯ ಮುಖ ಬರೆದ. ಆಕೆ ಉಟ್ಟದ್ದು ಯಾವ ಬಣ್ಣವೆಂದು ಕೇಳಿದವರಿಗೆ, ಕಪ್ಪು ಎಂದನಂತೆ!

ಈ ಚಿತ್ರವಿದ್ದ ಆ ವರ್ಷದ ಶರತ್ಕಾಲದ ಕಲಾಪ್ರದರ್ಶನದಲ್ಲಿ ವಿಮರ್ಶಕ ಲೂಯಿ ವೋಸೆಲ್ ಮಾತೀಸ್, ದೆರೇನ್ ಬಳಗದ ಚಿತ್ರಕಾರರನ್ನು ಕಾಡುಮೃಗಗಳಿಗೆ ಹೋಲಿಸಿದ. ಫ್ರೆಂಚಿನಲ್ಲಿ 'ಫೋವ್'. ಆ ಬೈಗುಳವೇ ಮುಂದೆ ಒಂದು ಕಲಾಪಂಥದ ಹೆಸರಾಯಿತು.

ಚಿತ್ರ ಈಗ ಸ್ಯಾನ್‌ಫ್ರಾನ್ಸಿಸ್ಕೊದ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಮೊದಲು ಕೊಂಡವರು ಅಮೆರಿಕದ ಅಣ್ಣ-ತಂಗಿ ಲಿಯೋ ಮತ್ತು ಗರ್ಟ್ರೂಡ್ ಸ್ಟೈನ್. ಹೇಳಿದ ಬೆಲೆ 500 ಫ್ರಾಂಕ್, ಅವರು ಕೇಳಿದ್ದು 400ಕ್ಕೆ. ಮಾತೀಸ್ ಕೊಟ್ಟುಬಿಡಲು ಸಿದ್ಧನಿದ್ದ. ಅಮೆಲಿ ಮಾತ್ರ ಬಿಟ್ಟುಕೊಡಲಿಲ್ಲ ಎಂದು ಗರ್ಟ್ರೂಡ್ ಮುಂದೆ ಬರೆದಿದ್ದಾಳೆ. ಇಷ್ಟು ಆಸೆಪಟ್ಟು ಕೇಳುವವರು ಪೂರ್ತಿ ಬೆಲೆಯನ್ನೂ ಕೊಡುತ್ತಾರೆ ಎಂಬುದು ವ್ಯಾಪಾರ ಮಾಡಿ ಗೊತ್ತಿದ್ದ ಆಕೆಯ ಲೆಕ್ಕ. 500 ಕೈಗೆ ಬಂತು. ಆ ಹೆಚ್ಚಿನ 100 ಫ್ರಾಂಕಿಗೆ ಆಕೆ ಮೊದಲೇ ದಾರಿ ನೋಡಿಟ್ಟಿದ್ದಳು: ಗಂಡನಿಗೆ ಮದುವೆಗೆ ಮುಂಚೆಯೇ ಹುಟ್ಟಿದ್ದ, ತಾನು ಮಗಳಂತೆ ಸಾಕುತ್ತಿದ್ದ ಮಾರ್ಗರೀತ್‌ಗೆ ಚಳಿಗಾಲದ ಬಟ್ಟೆ.