ಪರದೆ ನೀಲಿಯಾಯಿತೆಂದು ಫಾರ್ಮ್ಯಾಟ್‌ಗೆ ಅವಸರ ಬೇಡ

ಕಾಸರಗೋಡು: ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿರುವಾಗಲೇ ಪರದೆ ಒಮ್ಮೆ ಮಿನುಗಿ ಕಪ್ಪಾಗುತ್ತದೆ. ಮತ್ತೆ ನೀಲಿ ಬಣ್ಣದಲ್ಲಿ ಇಂಗ್ಲಿಷಿನ ನಾಲ್ಕು ಸಾಲು ಬಂದು ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. (ವಿಂಡೋಸ್ 11ರಲ್ಲಿ 2025ರಿಂದ ಆ ನೀಲಿಯೂ ಕಪ್ಪಾಗಿದೆ.) ಅಂಗಡಿಗೆ ಹೊತ್ತುಕೊಂಡು ಹೋದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: 'ಮಾಷ್ಟ್ರೇ, ಫಾರ್ಮ್ಯಾಟ್ ಮಾಡದೆ ಆಗ್ಲಿಕ್ಕಿಲ್ಲ.'

ಫಾರ್ಮ್ಯಾಟ್ ಅಂದರೆ ಸಿ ಡ್ರೈವಿನಲ್ಲಿದ್ದದ್ದೆಲ್ಲ ಹೋದ ಹಾಗೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಇರುವುದೂ ಅಲ್ಲೇ. ಕನ್ನಡದವರಿಗೆ ಇನ್ನೊಂದು ನಷ್ಟವೂ ಇದೆ. ನುಡಿ, ಬರಹದ ಫಾಂಟ್‌ಗಳು ಅಳಿದರೆ, ಹಳೆ ಕಡತ ಬೇರೆ ಕಡೆ ಉಳಿದಿದ್ದರೂ ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮಲಯಾಳದ ಫಾಂಟ್ ಹಾಕಿಕೊಡುವ ಅಂಗಡಿಯಲ್ಲಿ ಕನ್ನಡದ್ದು ಕೇಳಿದರೆ ಮುಖ ನೋಡುವವರೂ ಇದ್ದಾರೆ.

ಅಷ್ಟು ಕಳೆದುಕೊಳ್ಳುವ ಮೊದಲು ಸಂಶಯಪಡಬೇಕಾದದ್ದು ಗ್ರಾಫಿಕ್ಸ್ ಡ್ರೈವರ್ ಮೇಲೆ. ವಿಂಡೋಸ್ ಹೇಳಿದ್ದನ್ನು ಗ್ರಾಫಿಕ್ಸ್ ಕಾರ್ಡಿಗೆ ತಿಳಿಸುವ ದುಭಾಷಿ ಅದು. ಸರಕಾರಿ ಕಚೇರಿಯ ಕಾಗದವನ್ನು ತಪ್ಪಾಗಿ ಓದಿ ಹೇಳಿದರೆ ಏನಾಗುತ್ತದೆಂದು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ. ಕಾರ್ಡಿನಿಂದ 2 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ವಿಂಡೋಸ್ ಡ್ರೈವರನ್ನು ಹೊಸದಾಗಿ ಎಬ್ಬಿಸಲು ನೋಡುತ್ತದೆ. ಅದೂ ಆಗದಿದ್ದರೆ ನೀಲಿ ಪರದೆ. ಅದರಲ್ಲಿ 'ವಿಡಿಯೋ ಟಿಡಿಆರ್ ಫೇಲ್ಯೂರ್' ಎಂದಿದ್ದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ.

ದೊಡ್ಡ ಕಂಪೆನಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಅಮೆರಿಕದ ನ್ಯಾಯಾಲಯವೊಂದರಲ್ಲಿ 2008ರಲ್ಲಿ ಬಯಲಾದ ಮೈಕ್ರೋಸಾಫ್ಟ್ ದಾಖಲೆಗಳ ಪ್ರಕಾರ, 2007ರಲ್ಲಿ ದಾಖಲಾದ ವಿಸ್ಟಾ ಕ್ರ್ಯಾಶ್‌ಗಳಲ್ಲಿ ಶೇ. 28ಕ್ಕೂ ಹೆಚ್ಚು ಎನ್‌ವಿಡಿಯಾ ಡ್ರೈವರುಗಳ ಪಾಲು.

ಕಾರ್ಡ್ ಕೆಟ್ಟಿದೆಯೋ ಡ್ರೈವರ್ ಕೆಟ್ಟಿದೆಯೋ ಎಂದು ನೋಡಲು ಕೇರಳದ ಶಾಲಾ ಮಾಷ್ಟ್ರುಗಳಿಗೆ ಸುಲಭದ ದಾರಿಯಿದೆ. ಶಾಲೆಯಲ್ಲಿ ಲಿನಕ್ಸ್, ಮನೆಯಲ್ಲಿ ವಿಂಡೋಸ್ ಎಂಬುದು ಇಲ್ಲಿ ಮಾಮೂಲು. ಉಬುಂಟು ಇರುವ ಪೆನ್‌ಡ್ರೈವಿನಿಂದ ಬೂಟ್ ಮಾಡಿ 'ಟ್ರೈ' ಎಂಬುದನ್ನೇ ಒತ್ತಬೇಕು, 'ಇನ್‌ಸ್ಟಾಲ್' ಅಲ್ಲ. ಒಂದು ಗಂಟೆ ವಿಡಿಯೋ ಓಡಿಸಿದರೂ ಏನೂ ಆಗದಿದ್ದರೆ ಕಾರ್ಡ್ ಸರಿ ಇರುವ ಸಾಧ್ಯತೆಯೇ ಹೆಚ್ಚು. ಅಲ್ಲಿಂದಲೇ ಬೇಕಾದ ಕಡತಗಳನ್ನು ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡಿಯೂ ಬಿಡಬಹುದು. ಡ್ರೈವಿಗೆ ಬಿಟ್‌ಲಾಕರ್ ಬೀಗವಿದ್ದರೆ ಮಾತ್ರ ರಿಕವರಿ ಕೀ ಬೇಕು.

ಇನ್ನು ರಿಪೇರಿ. ಶಿಫ್ಟ್ ಕೀ ಒತ್ತಿಕೊಂಡೇ ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಕಾರ್ಡ್ ಕಂಪೆನಿಯ ಡ್ರೈವರ್ ಏಳುವುದೇ ಇಲ್ಲ, ಪರದೆ ಸ್ವಲ್ಪ ಒರಟಾಗಿ ಕಂಡರೆ ಹೆದರಬೇಡಿ. ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ಅಡಾಪ್ಟರ್ಸ್‌ನಲ್ಲಿ ಕಾರ್ಡಿನ ಹೆಸರಿನ ಪ್ರಾಪರ್ಟೀಸ್ ತೆರೆದು 'ರೋಲ್ ಬ್ಯಾಕ್ ಡ್ರೈವರ್' ಕೊಟ್ಟರೆ ಹಿಂದಿನದ್ದು ವಾಪಸ್ ಬರುತ್ತದೆ. ಮೊನ್ನೆ ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಗೆ ಎಷ್ಟೋ ಸಲ ಇಷ್ಟೇ ಸಾಕು.

ಆ ಬಟನ್ ಮಸುಕಾಗಿದ್ದರೆ ಡ್ರೈವರನ್ನೇ ತೆಗೆದು, ಲ್ಯಾಪ್‌ಟಾಪ್ ಅಥವಾ ಕಾರ್ಡ್ ಕಂಪೆನಿಯ ಜಾಲತಾಣದ್ದನ್ನು ಹಾಕಬೇಕು. ಅದನ್ನು ಮೊದಲೇ ಇಳಿಸಿಟ್ಟುಕೊಂಡು, ಕೆಲಸ ಮುಗಿಯುವ ತನಕ ನೆಟ್ ಕಟ್ ಮಾಡಿ. ಇಲ್ಲದಿದ್ದರೆ ನೀವು ಹಾಕುವ ಮೊದಲೇ ವಿಂಡೋಸ್ ಅಪ್‌ಡೇಟ್ ತನ್ನದ್ದನ್ನು ತಂದು ಕೂರಿಸುತ್ತದೆ. ಅನೇಕರು ಎಡವುವುದು ಇಲ್ಲೇ.

ಸೇಫ್ ಮೋಡಿನಲ್ಲೂ ಲಿನಕ್ಸಿನಲ್ಲೂ ನಿಂತರೆ ಡ್ರೈವರ್ ಬಿಡಿ, ರ‍್ಯಾಮ್, ಪವರ್ ಸಪ್ಲೈ, ಫ್ಯಾನಿಗೆ ಮೆತ್ತಿದ ಧೂಳು ನೋಡಬೇಕು. ಆಗ ಅಂಗಡಿಯೇ ಗತಿ. ಮೆಷಿನ್ ಬಿಟ್ಟು ಬರುವಾಗ 'ಡಾಕ್ಯುಮೆಂಟ್ಸ್ ಕಾಪಿ ಮಾಡದೆ ಮುಟ್ಬೇಡಿ' ಎಂದು ಚೀಟಿ ಅಂಟಿಸಿ, ನುಡಿಯ ಸೆಟಪ್ ಫೈಲನ್ನೂ ಜತೆಗೆ ಕೊಟ್ಟುಬನ್ನಿ.