ಮತ್ತೆ ಮತ್ತೆ ಬೆಳಗುವ ಎಂಜಿನ್ ದೀಪ

ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿಗೆ ಸಾಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿಗೆ ಮರವಂತೆಯಲ್ಲಿ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದರಲ್ಲಿ ಸೌಪರ್ಣಿಕಾ ನದಿ. ನೋಟವೇನೋ ಮನೋಹರ, ಆದರೆ ಅಲ್ಲಿನ ಉಪ್ಪುಗಾಳಿಯೂ ಮಳೆಗಾಲದ ತೇವವೂ ಕಾರಿನ ವಿದ್ಯುತ್ ಜೋಡಣೆಗಳಿಗೆ ಹಿತವಲ್ಲ.

ಸ್ಪೋರ್ಟ್ಸ್ ಕಾರೊಂದರಲ್ಲಿ ಎಂಜಿನ್ ಚಿತ್ರವುಳ್ಳ ಹಳದಿ ದೀಪ ಬೆಳಗಿತೆನ್ನೋಣ. ಗಣಕದ ದಾಖಲೆಯನ್ನು ಅಳಿಸಿದರೆ ದೀಪ ಆರುತ್ತದೆ; ನಾಲ್ಕು ದಿನ ಕಳೆದು ಮತ್ತೆ ಬೆಳಗುತ್ತದೆ. ಜ್ವರಮಾಪಕವನ್ನು ಕೊಡವಿದ ಮಾತ್ರಕ್ಕೆ ಜ್ವರ ಇಳಿದೀತೆ?

ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಸ್ಕ್ಯಾನರನ್ನು ಜೋಡಿಸಿದರೆ ನಮಗೊಂದು ಸಂಕೇತ ದೊರೆಯುತ್ತದೆ. ಪಿ-೦೩೦೧ ಎಂದರೆ ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಇದು ಲಕ್ಷಣವೇ ಹೊರತು ಕಾರಣವಲ್ಲ. ದೋಷ ಕಿಡಿಯದೋ, ಪೆಟ್ರೋಲಿನದೋ, ಒತ್ತಡದ್ದೋ?

ಸಿಲಿಂಡರಿಗೊಂದು ಕಾಯಿಲ್ ಇರುವ ಎಂಜಿನ್ನಿನಲ್ಲಿ ನಾವು ಒಂದನೆಯ ಕಾಯಿಲನ್ನೂ ಮೂರನೆಯದನ್ನೂ ಅದಲುಬದಲು ಮಾಡಿ, ಸಂಕೇತವನ್ನು ಅಳಿಸಿ, ಕಾರನ್ನು ಓಡಿಸೋಣ. ಈಗ ಪಿ-೦೩೦೩ ಬಂದರೆ ದೋಷವು ಕಾಯಿಲಿನೊಡನೆಯೇ ಸಾಗಿತು, ಅಪರಾಧಿ ಅದೇ. ಪಿ-೦೩೦೧ ಮರಳಿದರೆ ಕಾಯಿಲ್ ನಿರ್ದೋಷಿ. ಆಗ ತಂತಿಯ ಕೊಂಡಿಗೆ ಕಿಲುಬು ಹಿಡಿದಿದೆಯೇ ಎಂದು ನೋಡಬೇಕು. ಬಳಿಕ ಪ್ಲಗ್ಗನ್ನೂ ಇಂಜೆಕ್ಟರನ್ನೂ ಹೀಗೆಯೇ ಪರೀಕ್ಷಿಸಿ, ಕೊನೆಗೆ ಸಿಲಿಂಡರಿನ ಒತ್ತಡವನ್ನು ಅಳೆಯಬೇಕು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸುವುದು ಪ್ರಯೋಗಶಾಲೆಯ ನಿಯಮ. ಗ್ಯಾರೇಜಿನಲ್ಲಿಯೂ ಅದೇ ನಿಯಮ.

ದೀಪ ಮಿನುಗತೊಡಗಿದರಂತೂ ಕಾರನ್ನು ಮುಂದೆ ಓಡಿಸಕೂಡದು. ಉರಿಯದ ಪೆಟ್ರೋಲು ಹೊಗೆಕೊಳವೆಯಲ್ಲಿರುವ ವೇಗವರ್ಧಕವನ್ನು ಸೇರಿ, ಅಲ್ಲಿ ಉರಿದು, ಅದನ್ನೇ ಕರಗಿಸಬಲ್ಲದು. ಒಂದು ಕಾಯಿಲಿನ ಬೆಲೆಯಲ್ಲಿ ಮುಗಿಯಬಹುದಾಗಿದ್ದ ದುರಸ್ತಿ ಆಗ ಅದರ ಹಲವು ಪಟ್ಟು ಹಣವನ್ನು ನುಂಗುತ್ತದೆ.